ಆರನೇ ಗೂಟದ ಸಿಂಬಿ

ಸಾಹೇಬರೊಬ್ಬರ ಮುಂದೆ ನಿಂತು "ಆಗಂಗಿಲ್ಲ" ಎಂದು ನಾನು ಮೊದಲ ಸಲ ಹೇಳಿದಾಗ ನನಗೆ ನಲವತ್ತು ದಾಟಿತ್ತು. ಅಲ್ಲಿಯವರೆಗೆ ಯಾರು ಏನು ಕೇಳಿದರೂ "ಆಗ್ತದ್ರಿ" ಎನ್ನುವುದೇ ನಮ್ಮ ರೂಢಿ. ದೊಡ್ಡವರಿಗೆ ಇಲ್ಲ ಎನ್ನಬಾರದು ಅಂತ ನಮ್ಮವ್ವ ಕಲಿಸಿದ್ದಳು, ಅವಳಿಗೆ ಅವಳವ್ವ.

ನಾರಾಯಣಪುರದಲ್ಲಿ ಆಣೆಕಟ್ಟು ಎದ್ದು, ನಮ್ಮ ಸೀಮೆಯಲ್ಲಿ ಎಲ್ಲಿ ನೋಡಿದರೂ ಕಾಲುವೆ ಅಗೆಯುತ್ತಿದ್ದ ಕಾಲ ಅದು. ಸುರಪುರ ದಾಟಿ ಶಹಾಪುರದ ಕಡೆ ಹೋಗುವ ಒಂದು ಮರಿಗಾಲುವೆಯ ಕೆಲಸಕ್ಕೆ ನಮ್ಮೂರು ಬಳಿಚಕ್ರದಿಂದ ಹದಿನಾರು ಹೆಂಗಸರು ಹೋಗಿದ್ದೆವು. ಅವರಿಗೆಲ್ಲ ನಾನು ಹಿರಿಯಳು. ಅದಕ್ಕೂ ಮುಂಚೆ ವರ್ಷಾ ವರ್ಷ ಸುಗ್ಗಿ ಮುಗಿದ ಮೇಲೆ ಮುಂಬೈಗೆ ಹೋಗಿ ಕಟ್ಟಡಗಳಿಗೆ ಕಲ್ಲು, ಕಾಂಕ್ರೀಟು ಹೊರುತ್ತಿದ್ದೆವು. ಹಿಂದಿನ ವರ್ಷ ನಮ್ಮ ದೇವಕಮ್ಮ ಅಲ್ಲೇ, ಅರ್ಧ ಕಟ್ಟಿದ ಮೆಟ್ಟಿಲ ಕೆಳಗೆ, ಗೋಣಿತಟ್ಟು ಮರೆ ಮಾಡಿಕೊಂಡು ಹಡೆದಿದ್ದಳು. ಆ ಕೂಸು ಈಗ ಕಾಲುವೆಯ ದಂಡೆಯ ಮೇಲೆ, ಜಾಲಿ ಗಿಡಕ್ಕೆ ಕಟ್ಟಿದ ಸೀರೆಯ ಜೋಳಿಗೆಯಲ್ಲಿ ಮಲಗುತ್ತಿತ್ತು. "ಯಕ್ಕ, ಈ ಕೆಲಸ ಇರೋತನ ನಾ ಮುಂಬೈ ಹೆಸರ ಎತ್ತಂಗಿಲ್ಲ ನೋಡು" ಎನ್ನುತ್ತಿದ್ದಳು ದೇವಕಮ್ಮ.

ನಮ್ಮ ಭಾಗದ ನೆಲ ಕಪ್ಪು ಎರೆ ಮಣ್ಣು. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಾಯಿ ಬಿಡುತ್ತದೆ. ಅದರ ಮೇಲೆ ನೇರವಾಗಿ ಚಪ್ಪಟೆ ಪರಸಿ ಕಲ್ಲು ಹಾಸಿದರೆ ಒಂದೇ ಮಳೆಗಾಲಕ್ಕೆ ಎದ್ದು ಬರುತ್ತವೆ. ಅದಕ್ಕೇ ನಡುವೆ ಗುಡ್ಡದ ಗರಸು, ಅಂದರೆ ಸಣ್ಣ ಕಲ್ಲು ಬೆರೆತ ಒರಟು ಮಣ್ಣು, ಹಾಕಬೇಕು. ಬೀರಣ್ಣ ತನ್ನ ಟ್ರ್ಯಾಕ್ಟರಿನಲ್ಲಿ ಗರಸು ತಂದು ಸುರಿಯುತ್ತಿದ್ದ. ನಾವು ಅದನ್ನು ಹರವಿ, ನೆನೆಸಿ, ದಿಮ್ಮಸಿನಿಂದ ಬಡಿದು ಗಟ್ಟಿ ಮಾಡುತ್ತಿದ್ದೆವು. ಆಮೇಲೆ ಗೌಂಡಿ ಖಂಡಪ್ಪನ ಜನ ಪರಸಿ ಹಾಸಿ ಸಂದಿಗೆ ಸಿಮೆಂಟು ತುಂಬುತ್ತಿದ್ದರು. ಮೂರು ಗುಂಪು, ಒಂದೇ ಕಾಲುವೆ. ಆದರೆ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಬೀರಣ್ಣ ತನಗೆ ಅನುಕೂಲವಾದ ಕಡೆ ರಾಶಿ ಹಾಕಿ ಹೋಗುತ್ತಿದ್ದ. ನಾವು ನೀರು ಹೊರುವುದರಲ್ಲೇ ಹೊತ್ತು ಏರಿಸುತ್ತಿದ್ದೆವು. ಖಂಡಪ್ಪ ಬೀಡಿ ಸೇದುತ್ತ ಮೇಲಿನಿಂದ ಕೂಗುತ್ತಿದ್ದ: "ಏನ್ರವ್ವಾ, ಗರಸಿಗಿ ಜೋಗುಳ ಹಾಡಾಕತ್ತೀರೇನು?"

"ನೀ ಇಳದು ಬಾ, ನಿನಗೂ ಹಾಡ್ತೀವಿ" ಎನ್ನುತ್ತಿದ್ದಳು ದೇವಕಮ್ಮ.

ಗುತ್ತೇದಾರರು ವಾರಕ್ಕೊಮ್ಮೆ ಜೀಪಿನಲ್ಲಿ ಬಂದು, ಇಳಿಯದೆ ಕೇಳುತ್ತಿದ್ದರು, "ದಿನಕ್ಕ ಅರವತ್ತು ಫೂಟು ಆಗ್ತದೇನು?" ಬೀರಣ್ಣ, ಖಂಡಪ್ಪ, ನಾನು ಮೂವರೂ ಒಂದೇ ದನಿಯಲ್ಲಿ "ಆಗ್ತದ್ರಿ." ಆಗುತ್ತಿದ್ದದ್ದು ಇಪ್ಪತ್ತು.

ಒಂದು ದಿನ ಬೆಳಿಗ್ಗೆ ನೋಡಿದರೆ ಹಾಸಿದ ಪರಸಿ ಹತ್ತು ಹೆಜ್ಜೆಯಷ್ಟು ಉದ್ದ ಎಮ್ಮೆಯ ಬೆನ್ನಿನಂತೆ ಉಬ್ಬಿ ನಿಂತಿತ್ತು. ಗುತ್ತೇದಾರರು ಆವತ್ತು ಜೀಪಿನಿಂದ ಇಳಿದರು. "ಇನ್ನ ಹದಿನೆಂಟನೇ ದಿನಕ್ಕ ನೀರ ಬಿಡ್ತಾರ. ಮುನ್ನೂರಿಪ್ಪತ್ತು ಫೂಟು ಬಾಕಿ ಅದ. ಆ ದಿನಕ್ಕ ತಯಾರ ಆಗಲಿಲ್ಲ ಅಂದ್ರ ಪಾಲಮೂರಿನ ಕೂಲಿ ಗ್ಯಾಂಗ ತರಸ್ತೀನಿ. ನಿಮ್ಮ ಗಂಟು ಮೂಟಿ ಕಟ್ಟಿ ಇಟ್ಕೋರಿ." ದೇವಕಮ್ಮ ಜೋಳಿಗೆಯ ಕಡೆ ನೋಡಿದಳು. ನಾನು ಅವಳ ಕಡೆ ನೋಡಲಿಲ್ಲ.

ಆ ವಾರವೇ ಹೊಸ ಇಂಜಿನಿಯರು ಬಂದಿದ್ದರು, ಭಗವಂತರಾಯ ಅಂತ. ತೆಳ್ಳಗಿನ ಮನುಷ್ಯ, ಚಪ್ಪಲಿ ದಂಡೆಯ ಮೇಲೆ ಬಿಟ್ಟು ಬರಿಗಾಲಲ್ಲಿ ಇಳಿಯುತ್ತಿದ್ದರು. ಗುತ್ತೇದಾರರು ಹೋದ ಮೇಲೆ ಅವರು ಉಬ್ಬಿದ ಕಲ್ಲಿನ ಪಕ್ಕ ಕೂತು ನನ್ನನ್ನು ಕರೆದರು.

"ಲಾಲಮ್ಮ, ಇದು ಯಾಕ ಉಬ್ಬೇದ?"

"ಗರಸು ಒಳಗ ನೆಂದಿರಲಿಲ್ರಿ. ಒಣಾ ಗರಸು ಎಷ್ಟ ಬಡದ್ರೂ ಕೂಡಂಗಿಲ್ಲ. ಆಮ್ಯಾಲ ಸಂದ್ಯಾಗಿನ ನೀರು ಎರಿತನ ಇಳದದ."

"ಬಡಿಯೂ ಮುಂದ ನಿನಗ ಗೊತ್ತಿತ್ತೇನು?"

"ಗೊತ್ತಿತ್ರಿ."

"ಮತ್ತ ಯಾಕ ಬಡದಿ?"

"ಆಗ್ತದ್ರಿ ಅಂದಿದ್ವಲ್ರಿ ಸಾಹೇಬ್ರ."

ಅವರು ಬೈಯುತ್ತಾರೆ ಅಂತ ಕಾದೆ. ಬೈಯಲಿಲ್ಲ. ಬೀರಣ್ಣನನ್ನೂ ಖಂಡಪ್ಪನನ್ನೂ ಕರೆಸಿದರು. ದಂಡೆಯ ಮೇಲೆ ಸಾಲಾಗಿ ಹದಿನೆಂಟು ಗೂಟ ಹೊಡೆಸಿ ಹಗ್ಗ ಕಟ್ಟಿಸಿದರು. ನಮಗಾಗ ಅಕ್ಷರ ಬರುತ್ತಿರಲಿಲ್ಲ. ಕಾಗದದ ಮೇಲೆ ಬರೆದಿದ್ದರೆ ಮತ್ತೆ "ಹೌದ್ರಿ" ಎನ್ನುತ್ತಿದ್ದೆವು.

"ಒಂದು ಗೂಟ ಒಂದು ದಿನ. ಕಡೀ ಗೂಟ ನೀರ ಬರೂ ದಿನ" ಎಂದರು. "ಈಗ ಹಿಂದಕ ನಡೀರಿ. ಖಂಡಪ್ಪ, ನೀರ ಬರೂದಕ್ಕಿಂತ ಮುಂದ ನಿನಗೇನ ಬೇಕು?"

"ಸಂದಿ ಏಳ ದಿನ ನೆನೀಬೇಕ್ರಿ. ಒಂದ ದಿನ ಕಮ್ಮಿ ಆದ್ರೂ ಸಿಮೆಂಟು ಪುಡಿ ಆಗ್ತದ."

ಸಾಹೇಬರು ಕಡೇ ಗೂಟದ ಹಿಂದೆ ಏಳು ಗೂಟ ಬಿಟ್ಟು ಹತ್ತನೆಯದರ ಹತ್ತಿರ ನಿಂತರು. "ಹಂಗಾದ್ರ ಕಲ್ಲು ಹಾಸೂದು ಇಲ್ಲಿಗಿ ಮುಗೀಬೇಕು. ಲಾಲಮ್ಮ, ನಿನಗ?"

"ಗರಸು ಒಂದ ದಿನ ಮೊದಲ ಬಂದು ರಾತ್ರಿಯೆಲ್ಲಾ ನೆಂದಿರಬೇಕ್ರಿ. ಮರದಿನ ನಾವು ಬಡೀತೀವಿ, ಅದರ ಮರದಿನ ಕಲ್ಲು."

ಹಾಗೆ ಹಿಂದಕ್ಕೆ ನಡೆಯುತ್ತ ನಡೆಯುತ್ತ ಲೆಕ್ಕ ತಾನೇ ಬಿತ್ತು. ಮೊದಲೆರಡು ಗೂಟ ಗರಸು ನೆನೆಸಿ ಬಡಿಯಲು ಹೋದರೆ ಕಲ್ಲು ಹಾಸಲು ಎಂಟು ದಿನ, ದಿನಕ್ಕೆ ನಲವತ್ತು ಫೂಟು.

"ನಲವತ್ತು ಆಗ್ತದೇನು?"

ನನ್ನ ನಾಲಿಗೆ ತುದಿಗೆ ಹಳೇ ಮಾತು ಬಂದಿತ್ತು. ಸಾಹೇಬರು ಕೈ ಅಡ್ಡ ತಂದರು. "ಬ್ಯಾಡ. ಏನ ಇದ್ರ ಆಗ್ತದ, ಅದನ್ನ ಹೇಳು."

"ನೀರ್ರಿ" ಎಂದೆ. "ಬಾವಿ ದೂರ ಅದ. ಕೊಡ ಹೊರೂದ್ರಾಗ ಅರ್ಧ ದಿನ ಹೋಗ್ತದ. ನೀರ ಕೈಗಿ ಸಿಕ್ರ ನಲವತ್ತು ಮಾಡ್ತೀವಿ."

ಬೀರಣ್ಣ ತಲೆ ಕೆರೆದುಕೊಂಡ. "ಬಾವಿ ನಾ ಬರೂ ದಾರ್ಯಾಗ ಅದಲ್ರಿ. ಗರಸಿನ ಸಂಗಾಟ ಆರು ಡ್ರಮ್ಮು ನೀರ ತಂದು ನಾನ ನೆನಸ್ತೀನಿ."

"ಇಷ್ಟ ದಿನ ಯಾಕ ತರಲಿಲ್ಲೋ ಮಾರಾಯಾ!" ದೇವಕಮ್ಮ ಸೊಂಟಕ್ಕೆ ಕೈ ಇಟ್ಟಳು.

"ಯಾರ ಕೇಳ್ಯಾರ ನನಗ?"

ಅದೂ ಖರೆ. ಯಾರೂ ಕೇಳಿರಲಿಲ್ಲ.

ಪ್ರತಿ ಗುಂಪಿಗೂ ಒಂದು ಗುರುತಾಯಿತು. ಬೀರಣ್ಣ ಕುರುಬರವನು, ಗರಸು ಹಾಕಿ ನೆನೆಸಿದ ಮೇಲೆ ಗೂಟಕ್ಕೆ ಒಂದು ಎಳೆ ಉಣ್ಣೆ ಕಟ್ಟುತ್ತಿದ್ದ. ಬುಟ್ಟಿ ಹೊರುವಾಗ ತಲೆಯ ಮೇಲೆ ಇಟ್ಟುಕೊಳ್ಳುವ ಬಟ್ಟೆಯ ಸಿಂಬಿ ನಮ್ಮ ಗುರುತು. ಬೆಳಿಗ್ಗೆ ಉಣ್ಣೆ ನೋಡಿ, ಮಣ್ಣು ಮುಟ್ಟಿ, ಸಿಂಬಿ ತೂಗು ಹಾಕಿ ಕೆಲಸಕ್ಕೆ ಇಳಿಯುತ್ತಿದ್ದೆವು. ಖಂಡಪ್ಪನದು ದಾರಕ್ಕೆ ಕಟ್ಟಿದ ಪರಸಿ ಚೂರು. ಸಾಹೇಬರ ಕರಾರು ಒಂದೇ. ತಯಾರಿಲ್ಲದಿದ್ದರೆ ಗುರುತು ಹಾಕಬೇಡಿ, ಹಾಕದವರಿಗೆ ಯಾರೂ ಒಂದು ಮಾತೂ ಅನ್ನಕೂಡದು.

ಐದು ದಿನ ಕಾಲುವೆ ನೀರು ಹರಿದ ಹಾಗೆ ಕೆಲಸ ಹರಿಯಿತು. ಖಂಡಪ್ಪ ಜೋಗುಳದ ಮಾತು ಬಿಟ್ಟ. ಒಂದು ಮಧ್ಯಾಹ್ನ ನಮ್ಮ ರೊಟ್ಟಿಗೆ ತನ್ನ ಶೇಂಗಾ ಹಿಂಡಿ ಕೊಟ್ಟ.

ಆರನೇ ದಿನ ಬೆಳಿಗ್ಗೆ ಬಂದಾಗ ಗೂಟದಲ್ಲಿ ಉಣ್ಣೆ ಇತ್ತು. ಗರಸು ಹದವಾಗಿ ಹರವಿತ್ತು, ಮೇಲೆ ಒದ್ದೆಯೂ ಇತ್ತು. ದೇವಕಮ್ಮ ಅವಸರದಲ್ಲಿ ನನ್ನ ಸಿಂಬಿ ಇಸಿದುಕೊಂಡು ತೂಗು ಹಾಕಿಬಿಟ್ಟಳು. ನಾನು ರೂಢಿಯಂತೆ ಗರಸಿನಲ್ಲಿ ಕೈ ತೂರಿಸಿದೆ. ಒಂದು ಗೇಣು ಕೆಳಗೆ ಕೈಗೆ ಹತ್ತಿದ್ದು ಬಿಸಿ ಬಿಸಿ ಒಣ ಪುಡಿ.

ಬೀರಣ್ಣನ ಕಡೆ ನೋಡಿದೆ. ಅವನು ಟ್ರ್ಯಾಕ್ಟರಿನ ಚಕ್ರದ ಹಿಂದೆ ಕೂತಿದ್ದ.

"ನಿನ್ನಿ ಟಾಯರ ಒಡೀತು ಯಕ್ಕ" ಎಂದ ತಲೆ ಎತ್ತದೆ. "ಗರಸು ತರೂದ್ರಾಗ ಹೊತ್ತ ಮುಣಗಿತ್ತು. ಎರಡ ಡ್ರಮ್ಮಷ್ಟ ಹಾಕೀನಿ. ನನ್ನ ಗೂಟ ಒಂದ ಖಾಲಿ ಉಳೀತದಲ್ಲಾ ಅಂತ ನಾಚಿಗಿ ಬಂತು. ಉಣ್ಣಿ ಕಟ್ಟಿಬಿಟ್ಟೆ."

ಅಷ್ಟರಲ್ಲಿ ಜೀಪಿನ ಸದ್ದು. ಗುತ್ತೇದಾರರು ಇಳಿದು ಗೂಟ ನೋಡಿದರು, ಉಣ್ಣೆ, ಸಿಂಬಿ ಎರಡೂ ಇವೆ. ಗರಸು ನೋಡಿದರು, ಒದ್ದೆ ಇದೆ. "ಮತ್ತ ಯಾಕ ನಿಂತೀರಿ? ಹೊಡೀರಿ ದಿಮ್ಮಸು!"

ಹದಿನೈದು ಜನ ದಿಮ್ಮಸು ಹಿಡಿದು ನನ್ನ ಮುಖ ನೋಡಿದರು. ಬಡಿದರೆ ಇವತ್ತಿನ ಗೂಟ ಉಳಿಯುತ್ತದೆ, ನಾಳೆ ಕಲ್ಲೂ ಬೀಳುತ್ತದೆ. ನೀರು ಬಂದ ಮೇಲೆ ಉಬ್ಬಿದರೆ ಯಾರ ಹೆಸರು ಬರುತ್ತದೋ ಯಾರಿಗೆ ಗೊತ್ತು? ನಿಲ್ಲಿಸಿದರೆ ಪಾಲಮೂರಿನ ಲಾರಿ. ಜೋಳಿಗೆಯಲ್ಲಿ ಕೂಸು ಕೊಸರಾಡಿತು.

ನಾನು ದಂಡೆ ಹತ್ತಿ, ಆರನೇ ಗೂಟದಿಂದ ಸಿಂಬಿ ತೆಗೆದು ಕೈಯಲ್ಲಿ ಹಿಡಿದುಕೊಂಡೆ. "ಇವತ್ತ ಆಗಂಗಿಲ್ರಿ."

"ಏನಂದಿ?"

"ಒಳಗ ಒಣಗೇದ್ರಿ. ಇವತ್ತ ನೆನಸಿ ನಾಳಿಗಿ ಬಡೀತೀವಿ. ಒಂದ ದಿನ ಹೆಚ್ಚಿಗಿ ಬೇಕು."

"ಒಂದ ದಿನ! ನಾಳಿಗೇ ಲಾರಿ ತರಸ್ತೀನಿ ನೋಡು. ನೆಂದದ ಅಂತ ಕಣ್ಣಿಗಿ ಕಾಣತದ, ಈಕಿ ಇಲ್ಲ ಅಂತಾಳ!"

ಅದೇ ಜೀಪಿನಲ್ಲಿ ಬಂದಿದ್ದ ಭಗವಂತರಾಯ ಸಾಹೇಬರು ಚಪ್ಪಲಿ ಬಿಟ್ಟು ಕೆಳಗಿಳಿದರು. ಅಂಗಿಯ ತೋಳು ಮಡಚಿ, ನಾನು ತೂರಿಸಿದ ಕಡೆಯೇ ಕೈ ತೂರಿಸಿ, ಒಂದು ಮುಷ್ಟಿ ತೆಗೆದು ಗುತ್ತೇದಾರರ ಮುಂದೆ ಬಿಚ್ಚಿದರು. ಪುಡಿ ಬೆರಳ ಸಂದಿಯಿಂದ ಸೋರಿ ಗಾಳಿಗೆ ಹೋಯಿತು.

"ಆಕಿ ಸಿಂಬಿ ತಗದಾಳ ಅಂದ್ರ ಇವತ್ತ ಬಡಿಯೂದಿಲ್ರಿ" ಎಂದರು. "ಒಂದ ದಿನದ ಮಾತು ನಾ ನಾರಾಯಣಪುರದ ಕಚೇರಿಗಿ ಹೋಗಿ ಕೇಳ್ತೀನಿ. ಇನ್ನ ಹನ್ನೆರಡ ದಿನ ಅದ. ಕೊಡಲಿಲ್ಲ ಅಂದ್ರ ಲಾರಿ ತರಸ್ರಿ."

ಗುತ್ತೇದಾರರು ಜೀಪು ಹತ್ತಿದರು. ಸಾಹೇಬರೂ ಅದೇ ಜೀಪಿನಲ್ಲಿ ಹೋದರು. ದೇವಕಮ್ಮ ನನ್ನ ಹತ್ತಿರ ಬಂದಳು. "ಯಕ್ಕ, ಎರಡ ಏಟ ಹಾಕಿ ಸುಮ್ಮನಿದ್ದಿದ್ರ..." ಎನ್ನುತ್ತ ಜೋಳಿಗೆಯ ಕಡೆ ಹೋದಳು.

ಬೀರಣ್ಣ ಆಗಲೇ ಟ್ರ್ಯಾಕ್ಟರು ಶುರು ಮಾಡಿದ್ದ. ಮಧ್ಯಾಹ್ನದೊಳಗೆ ಮೂರು ಸಲ ಡ್ರಮ್ಮು ತುಂಬಿಕೊಂಡು ಬಂದ. ದಂಡೆಯಿಂದ ಕೆಳಗೆ ಕೊಡ ಇಳಿಸಲು ನಾವು ಹದಿನಾರು ಜನ ಸಾಲುತ್ತಿರಲಿಲ್ಲ. ಖಂಡಪ್ಪ ಆ ದಿನದ ಕಲ್ಲು ಮುಗಿಸಿ ಬೀಡಿ ಹಚ್ಚಿದವನು ನಮ್ಮನ್ನೇ ನೋಡುತ್ತಿದ್ದ. ಆಮೇಲೆ ಬೀಡಿ ಆರಿಸಿ ಕಿವಿಗೆ ಸಿಕ್ಕಿಸಿಕೊಂಡು ನನ್ನ ಮುಂದೆ ಕೈ ಚಾಚಿದ. "ಕೊಡು ಬೇ ಆ ಸಿಂಬಿ."

"ಗೌಂಡ್ಯಾರ ತಲಿ ಮ್ಯಾಲ ಸಿಂಬಿ! ಬರ್ರೆ, ನೋಡ ಬರ್ರೆ!" ದೇವಕಮ್ಮನ ನಗು ಆಚೆ ಹೊಲದವರೆಗೂ ಕೇಳಿರಬೇಕು. ಖಂಡಪ್ಪನ ಕೊಡ ತುಳುಕಿ ಅಂಗಿಯೆಲ್ಲ ನೆನೆಯಿತು. "ನೀ ಗರಸು ನೆನಸೂದು ಬಿಟ್ಟು ನೀನ ನೆನದೀಯಲ್ಲೋ ಅಣ್ಣ!" ಅವನ ಹುಡುಗರೂ ಒಬ್ಬೊಬ್ಬರಾಗಿ ಇಳಿದರು. ಸಂಜೆ ಹೊತ್ತಿಗೆ ನಾನು ಕೈ ತೂರಿಸಿದರೆ ಮೊಣಕೈವರೆಗೂ ತಂಪು.

ಮರುದಿನ ಸಾಹೇಬರು ಬಸ್ಸಿಗೆ ಬಂದು ದಂಡೆಗುಂಟ ನಡೆದುಕೊಂಡು ಬಂದರು. ಕೈಯಲ್ಲಿ ಒಂದು ಗೂಟ. ಹದಿನೆಂಟನೆಯದರ ಮುಂದೆ ಅದನ್ನು ಹೊಡೆದು, "ಹತ್ತೊಂಬತ್ತು" ಎಂದರು. ಬೇರೆ ಮರಿಗಾಲುವೆಗೆ ಮೊದಲು ಬಿಟ್ಟು ನಮ್ಮದರ ಗೇಟು ಒಂದು ದಿನ ತಡ ಮಾಡುತ್ತಾರಂತೆ. "ಹನ್ನೆರಡು ದಿನ ಮುಂಚೆ ಹೇಳೀರಿ, ಹೊಂದಿಸ್ತೀವಿ. ಹಿಂದಿನ ದಿನ ಬಂದು ಹೇಳಿದ್ರ ನಮ್ಮ ಕೈಯಾಗ ಇರ್ತಿರಲಿಲ್ಲ" ಅಂದರಂತೆ ಕಚೇರಿಯವರು. ಗುತ್ತೇದಾರರು ಲಾರಿಗೆ ಹೇಳಿ ಕಳಿಸಲಿಲ್ಲ. ಆಮೇಲೆ ಬೀರಣ್ಣನ ಗೂಟ ಇನ್ನೊಮ್ಮೆ ಖಾಲಿ ಉಳಿಯುವುದರಲ್ಲಿತ್ತು. ಆ ಸಲ ಅವನೇ ಹಿಂದಿನ ಸಂಜೆ ಓಡಿ ಬಂದು ಹೇಳಿದ, ನಾವು ಹೋಗಿ ಅವನ ಟ್ರಾಲಿಗೆ ಗರಸು ತುಂಬಿಕೊಟ್ಟೆವು.

ಹತ್ತೊಂಬತ್ತನೇ ದಿನ ಬೆಳಿಗ್ಗೆ ನೀರು ಬಂತು. ಮೊದಲು ಕಸ ಕಡ್ಡಿ ತಳ್ಳಿಕೊಂಡು ಕೆಂಪಗೆ, ಹೆಂಗಸರ ನಡಿಗೆಯಷ್ಟೇ ನಿಧಾನ. ನಾವು ಅದರ ಜೊತೆಜೊತೆಗೆ ದಂಡೆಯ ಮೇಲೆ ನಡೆದೆವು. ಆರನೇ ಗೂಟದ ದಿನ ಬಡಿಯದೆ ಬಿಟ್ಟಿದ್ದ ಜಾಗಕ್ಕೆ ಬಂದಾಗ ಖಂಡಪ್ಪ ನೀರಿಗಿಳಿದು ಕಾಲಿನಿಂದ ಕಲ್ಲು ತುಳಿತುಳಿದು ನೋಡಿದ. ಕಲ್ಲು ಅಲುಗಲಿಲ್ಲ.

ಗುತ್ತೇದಾರರು ನನ್ನನ್ನು ಕರೆದರು. "ಶಹಾಪುರದ ಕಡೆ ಇನ್ನೊಂದು ತುಂಡು ಅದ, ಆರನೂರು ಫೂಟು. ನೀವ ಮಾಡ್ರಿ. ತಿಂಗಳೊಪ್ಪತ್ತಿನ್ಯಾಗ ಆಗ್ತದೇನು?"

"ಆಗ್ತದ ಅನ್ನ ಯಕ್ಕ" ಎಂದು ದೇವಕಮ್ಮ ಹಿಂದಿನಿಂದ ನನ್ನ ಸೆರಗು ಜಗ್ಗಿದಳು. ಕೂಸು ಅವಳ ಬಗಲಲ್ಲಿ ನೀರಿನ ಕಡೆ ಕೈ ಚಾಚುತ್ತಿತ್ತು.

"ಮಣ್ಣು ನೋಡಿ ಹೇಳ್ತೀನ್ರಿ" ಎಂದೆ.

ಗುತ್ತೇದಾರರ ಹುಬ್ಬು ಗಂಟಾಯಿತು. ಭಗವಂತರಾಯ ಸಾಹೇಬರು ಬೇರೆ ಕಡೆ ನೋಡುತ್ತ ನಿಂತಿದ್ದರು. ಗುತ್ತೇದಾರರು ಜೀಪಿನ ಹಿಂದಿನ ಬಾಗಿಲು ತೆಗೆದರು. "ನಡಿ, ನೋಡು ನಡಿ. ಆ ಇಬ್ಬರನ್ನೂ ಕರಕೋ."

ಜೀಪು ಹತ್ತುವಾಗ ನೆನಪಾಯಿತು. "ಖಂಡಪ್ಪಣ್ಣ, ನನ್ನ ಸಿಂಬಿ ಎಲ್ಲದ?"

ಅವನು ನೀರಲ್ಲಿ ನಿಂತೇ ತಲೆ ಮುಟ್ಟಿ ನೋಡಿಕೊಂಡ. ಅವತ್ತು ಅವನ ತಲೆಯ ಮೇಲೆ ಅದು ಇರಲಿಲ್ಲ. ಎಲ್ಲರೂ ನಕ್ಕೆವು, ಆಮೇಲೆ ಅವನು ಅಂಗಿಯ ಕಿಸೆಯಿಂದ ಅದನ್ನು ತೆಗೆದುಕೊಟ್ಟ.