ಎಡಗಡೆಯ ಸ್ಪೀಕರ್

ಮೂರನೆಯ ರೊಟ್ಟಿ ಬಡಿಯುತ್ತಿದ್ದೆ. ಹಂಚಿನ ಮೇಲಿದ್ದದ್ದಕ್ಕೆ ನೀರು ಸವರುವ ಹೊತ್ತು. ಆಗಲೇ ಪಡಸಾಲೆಯಿಂದ ಮಾವನವರ ಕೂಗು ಬಂತು.

"ಭುವನಾ, ಒಂದೀಟ ಬಾ ಇಲ್ಲಿ. ಈ ಡಬ್ಬೀದೂ ಅದೇ ರೋಗ. ಎಡಗಡಿ ದನಿ ಇಲ್ಲ ಅಂತಾಳ ರಂಜು. ನಾನ ಗುಂಡಿ ತಿರುವಿ ಸರಿ ಮಾಡೀನಿ, ಬಂದು ಕೇಳು."

ಒಲೆ ಸಣ್ಣ ಮಾಡಿ, ಹಿಟ್ಟಿನ ಕೈಯಲ್ಲೇ ಹೋದೆ. ಹೊಸ್ತಿಲಲ್ಲೇ ನಿಂತುಬಿಟ್ಟೆ. ಹಾಡೆಲ್ಲ ಎಡಗಡೆಯ ಸ್ಪೀಕರಿನಿಂದಲೇ ಬರುತ್ತಿತ್ತು. ಬಲಗಡೆಯದು ಪಕ್ಕದ ಮನೆಯ ರೇಡಿಯೋದಷ್ಟು ದೂರ. ನನ್ನ ಮಗಳು ಶಿವರಂಜನಿ, ನಮ್ಮ ರಂಜು, ಎರಡರ ನಡುವೆ ಕಲ್ಲುಹಾಸಿನ ಮೇಲೆ ಕಾಲು ಮಡಚಿ ಕೂತು ಕಣ್ಣು ಮುಚ್ಚಿಕೊಂಡಿದ್ದಳು.

"ಈಗ ಎರಡೂ ಸಮ ಆದವು, ಮುತ್ಯಾ" ಅಂದಳು.

ಮಾವನವರು ಗೆದ್ದವರಂತೆ ನನ್ನ ಕಡೆ ನೋಡಿದರು. ಒಳಗೆ ರೊಟ್ಟಿ ಸೀದ ವಾಸನೆ ಬಂತು. ಅದೇ ನೆಪವಾಯಿತು, ತಿರುಗಿ ಬಂದೆ.

ಈಗ ಕುಕ್ಕರಿನಲ್ಲಿ ಬೇಳೆ ಇಟ್ಟಿದ್ದೇನೆ. ನಾಲ್ಕು ಸೀಟಿ ಆಗುವಷ್ಟರಲ್ಲಿ ಹಿಂದಿನದನ್ನು ಹೇಳಿಬಿಡುತ್ತೇನೆ.

ಮಾವ ಗುರುಲಿಂಗಯ್ಯನವರು ವಾಡಿ ಜಂಕ್ಷನ್ನಿನಲ್ಲಿ ರೇಲ್ವೆ ಗುಮಾಸ್ತರಾಗಿದ್ದವರು. ನಮ್ಮ ಮನೆಯ ಆಂಪ್ಲಿಫಾಯರನ್ನು ಅವರು ಹೈದರಾಬಾದಿನಲ್ಲಿ ಕೊಂಡು, ಸೇಡಂ ಬರುವ ತನಕ ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡೇ ಬಂದಿದ್ದರಂತೆ. ಮನೆಗೆ ಯಾರೇ ಬರಲಿ, ಚಹಾಕ್ಕೆ ಮೊದಲು ಅವರನ್ನು ಎರಡು ಸ್ಪೀಕರುಗಳ ನಡುವೆ ಕೂಡಿಸಿ, ನೋಡ್ರಿ, ತಬಲಾ ಈ ಕಡೆ, ಹಾರ್ಮೋನಿಯಂ ಪೇಟಿ ಆ ಕಡೆ ಅನ್ನುತ್ತಿದ್ದರು. ಬೀಗರನ್ನೂ ಬಿಟ್ಟವರಲ್ಲ. ನನ್ನನ್ನು ನೋಡಲು ಬಂದ ದಿನವೂ ಬರೀ ಇದರ ಮಾತೇ ಆಡಿದರೆಂದು ನಮ್ಮವ್ವ ಇನ್ನೂ ನಗುತ್ತಾಳೆ.

ಹಳೆಯ ಟಿ.ವಿ. ಕೆಟ್ಟು ಹೊಸದು ಬಂದಾಗ ತೊಡಕಾಯಿತು. ವಚನ, ಭಜನೆ ಎಲ್ಲ ಈಗ ಟಿ.ವಿ.ಯಲ್ಲೇ ಸಿಗುತ್ತವೆ. ಆದರೆ ಹೊಸದರ ಬೆನ್ನಿಗೆ ಆಂಪ್ಲಿಫಾಯರಿನ ಕೆಂಪು ಬಿಳಿ ವೈರು ಹಾಕುವ ತೂತುಗಳಿಲ್ಲ. ಒಳಗೆ ಕೆಂಪು ಬೆಳಕು ಕಾಣುವ ಒಂದು ಚೌಕ ತೂತು ಮಾತ್ರ. ಬಸ್‌ಸ್ಟ್ಯಾಂಡಿನ ಹಿಂದೆ ರೇಡಿಯೋ ರಿಪೇರಿ ಮಾಡುವ ಅಬ್ದುಲ್ ಕರೀಮ್ ಭಾಯಿಯನ್ನು ಕೇಳಿದೆವು. ಡಿಎಸಿ ಎಂಬ ಡಬ್ಬಿ ಬೇಕು ಎಂದರು. ಟಿ.ವಿ. ದನಿಯನ್ನು ಅಂಕಿಯಾಗಿ ಕಳಿಸುತ್ತದೆ, ನಿಮ್ಮ ಹಳೇ ಮಷೀನಿಗೆ ಅಂಕಿ ತಿಳಿಯುವುದಿಲ್ಲ. ಕುಂಚಾವರಂ ಕಡೆಯವರು ತೆಲುಗಿನಲ್ಲಿ ಹೇಳಿದ್ದನ್ನು ನಿಮ್ಮ ಮಾವನಿಗೆ ಕನ್ನಡದಲ್ಲಿ ಹೇಳುವವ ಒಬ್ಬ ಬೇಕಲ್ಲ, ಅವನೇ ಇವನು ಎಂದು ತಿಳಿಸಿದರು.

ಅವರ ಹತ್ತಿರ ಮೂರು ಥರದವು ಇದ್ದವು. ಅಂಗೈಯಷ್ಟು ಪ್ಲಾಸ್ಟಿಕ್ಕಿನದು ಎಲ್ಲಕ್ಕಿಂತ ಅಗ್ಗ. ಕಬ್ಬಿಣದ ಮೈಯದು ಅದರ ದುಪ್ಪಟ್ಟು. ಇನ್ನೊಂದಕ್ಕೆ ಹೆಡ್‌ಫೋನ್ ತೂತು, ರಿಮೋಟು ಎಲ್ಲ ಉಂಟು, ಅದು ನಿಮಗೆ ಬೇಡ ಎಂದು ಅವರೇ ಪಕ್ಕಕ್ಕಿಟ್ಟರು. ಕರೀಮ್ ಭಾಯಿಯ ಅಂಗಡಿಯ ಪದ್ಧತಿಯೇ ಬೇರೆ. ಸಾಮಾನನ್ನು ಮೊದಲು ಮನೆಗೆ ಒಯ್ಯಬೇಕು, ಮೂರು ದಿನ ಕೇಳಬೇಕು, ಆಮೇಲೆ ದುಡ್ಡು. ಮನೆಯಲ್ಲಿ ಯಾರ ಕಿವಿ ಚಲೋ ಇದೆಯೋ ಅವರನ್ನು ಕೂಡಿಸಿ ಕೇಳಿಸಿರಿ ಎಂದೂ ಹೇಳುತ್ತಾರೆ.

ನಮ್ಮ ಮನೆಯ ಕಿವಿ ರಂಜು. ನಾಲ್ಕು ವರ್ಷದವಳಿದ್ದಾಗಲೇ ತಬಲಾದ ಶ್ರುತಿ ಇಳಿದಿದೆ ಎಂದು ಹೇಳಿದ್ದಳು, ನಿಜವೂ ಆಗಿತ್ತು. ಅಂದಿನಿಂದ ಮಾವನವರು ತಮ್ಮ ಕಿವಿಗಿಂತ, ಮಷೀನಿಗಿಂತ ಮೊಮ್ಮಗಳ ಕಿವಿಯನ್ನೇ ನಂಬಿದರು. ಹೆಸರೂ ಅವರೇ ಇಟ್ಟದ್ದು, ರಾಗದ ಹೆಸರು. ಈಗ ಅವಳಿಗೆ ಹತ್ತು. ವಾರಕ್ಕೆರಡು ದಿನ ಸಂಗೀತದ ಪಾಠಕ್ಕೆ ಹೋಗುತ್ತಾಳೆ.

ಮೊದಲು ಪ್ಲಾಸ್ಟಿಕ್ ಡಬ್ಬಿ ಬಂತು. ಎಡಗಡೆ ದನಿ ಸಣ್ಣದು ಎಂದಳು. ಮಾವನವರು ಮರುಮಾತಿಲ್ಲದೆ ವಾಪಸು ಒಯ್ದರು. ಎರಡನೆಯದು ಬಂತು. ಅದಕ್ಕೂ ಅದೇ ಮಾತು. ಮಾವನವರು ದಿನಾ ಒಂದಿಷ್ಟು ಗುಂಡಿ ಎಡಕ್ಕೆ ತಿರುವುತ್ತ ಬಂದರು, ಇಂದು ಬೆಳಗ್ಗೆ ಅವಳಿಗೆ ಸಮವಾಯಿತು.

ನಾಲ್ಕನೆಯ ಸೀಟಿ ಆಯಿತು.

ಒಗ್ಗರಣೆ ಕೊಟ್ಟು, ಅವಳಿಗೆ ಜಡೆ ಹಾಕಲು ಕೂತೆ. ಹೋದ ವರ್ಷ ಯುಗಾದಿಗೆ ಮುಂಚೆ ಅವಳಿಗೆ ಮಂಗನಬಾವು ಆಗಿತ್ತು, ಎಡಗಲ್ಲ ಬಾತು ಎಂಟು ದಿನ ಜ್ವರ. ಆಮೇಲಿನದೆಲ್ಲ ಒಂದೊಂದಾಗಿ ನೆನಪಾಯಿತು. ಫೋನನ್ನು ಬಲಗಿವಿಗೇ ಹಿಡಿಯುತ್ತಾಳೆ. ಬಜಾರಿಗೆ ಹೋದಾಗ ಹೇಗೋ ಸುತ್ತಿ ಬಂದು ನನ್ನ ಎಡಕ್ಕೆ ಸೇರಿಕೊಳ್ಳುತ್ತಾಳೆ, ಪ್ರೀತಿ ಅಂದುಕೊಂಡಿದ್ದೆ. ಬಲಕ್ಕೆ ಹೊರಳಿ ಮಲಗಿದರೆ ಎಷ್ಟು ಕೂಗಿದರೂ ಏಳುವುದಿಲ್ಲ. ಸೋಮಾರಿ ಎಂದು ಬೈದಿದ್ದೆ. ಶಾಲೆಯಲ್ಲಿ ಕಿವಿ ತಪಾಸಣೆ ಆದ ದಿನ ಕೇಳಿದ್ದಕ್ಕೆ, ಎಲ್ಲಾ ಛಲೋ ಅದ ಅಂತ ಬರೆದ್ರು ಎಂದು ನನ್ನ ಮುಖ ನೋಡದೆ ಹೇಳಿದ್ದಳು.

ಕೂದಲು ಮೂರು ಭಾಗ ಮಾಡುತ್ತ, ಎಡಗಿವಿಯ ಹತ್ತಿರ ಬಾಗಿ ಮೆಲ್ಲಗೆ ಅಂದೆ, ಇವತ್ತು ಸಂಜೆ ಶೇಂಗಾ ಹೋಳಿಗೆ ಮಾಡುತ್ತೇನೆ. ಅವಳು ಹಾಗೇ ರಿಬ್ಬನ್ನಿನ ತುದಿ ಸುತ್ತುತ್ತ ಕೂತಿದ್ದಳು. ಬಲಗಡೆ ಬಾಗಿ ಅದನ್ನೇ ಅಂದೆ. ಗಕ್ಕನೆ ತಿರುಗಿ, ಖರೇನೇ ಅಂದಳು. ಖರೇ ಅಂದೆ. ಜಡೆ ಮುಗಿಯುವ ತನಕ ಅವಳು ಮತ್ತೆ ಹಿಂದಕ್ಕೆ ನೋಡಲಿಲ್ಲ, ಅದೇ ಒಳ್ಳೆಯದಾಯಿತು.

ಅವಳನ್ನು ಶಾಲೆಗೆ ಬಿಟ್ಟು, ಡಬ್ಬಿಯನ್ನು ಚೀಲದಲ್ಲಿ ಹಾಕಿಕೊಂಡು ಕರೀಮ್ ಭಾಯಿಯ ಅಂಗಡಿಗೆ ಹೋದೆ. ಎಲ್ಲೋ ಒಂದು ಆಸೆ, ಡಬ್ಬಿಯೇ ಕೆಟ್ಟಿರಲಿ ಎಂದು. ಅವರು ತಮ್ಮ ಮಷೀನಿಗೆ ಜೋಡಿಸಿದರು. ಸಣ್ಣ ಪರದೆಯ ಮೇಲೆ ಎರಡು ಹಸಿರು ಗೆರೆ ಎದ್ದವು, ಒಂದೇ ಎತ್ತರ. ವೈರು ಅದಲುಬದಲು ಮಾಡಿದರು. ಆಗಲೂ ಅಷ್ಟೇ.

"ಅಕ್ಕಾ, ಡಬ್ಬಿದಾಗ ಏನೂ ಕೊರತಿ ಇಲ್ಲ" ಅಂದರು. ಆಮೇಲೆ ಮನೆಯಲ್ಲಿ ಕೇಳಿದವರು ಯಾರು ಎಂದು ವಿಚಾರಿಸಿದರು. ರಂಜು ಎಂದೆ. ಅವರು ಸ್ಕ್ರೂಡ್ರೈವರನ್ನು ಬಟ್ಟೆಯಿಂದ ಒರೆಸತೊಡಗಿದರು. ಬಂದ ಗಿರಾಕಿಯನ್ನು ಹೊರಗೇ ನಿಲ್ಲಿಸಿದರು.

ನಿಮ್ಮ ಮಾವನ ಮಷೀನಿನಲ್ಲಿ ಒಂದು ಗುಂಡಿ ಇದೆ ಅಂದರು ಕೊನೆಗೆ. ಮೋನೋ ಎಂದು ಬರೆದಿರುತ್ತದೆ. ಅದನ್ನು ಒತ್ತಿದರೆ ತಬಲಾ, ಪೇಟಿ ಎಲ್ಲ ಕೂಡಿ ಎರಡೂ ಸ್ಪೀಕರಿನಲ್ಲಿ ಬರುತ್ತದೆ. ಯಾವ ಕಡೆ ಕೂತು ಕೇಳಿದರೂ ಹಾಡಿನ ಒಂದು ತುಣುಕೂ ತಪ್ಪುವುದಿಲ್ಲ. ನಾನು ತಲೆಯಾಡಿಸಿದೆ. ಯಾವ ಡಬ್ಬಿ ಇರಲಿ ಎಂದು ಕೇಳಿದರು. ಪ್ಲಾಸ್ಟಿಕ್ಕಿನದೂ ನಡೆಯುತ್ತದೆ, ಆದರೆ ಹಾಡು ನಿಂತ ಕಡೆ ಅದು ಸಣ್ಣಗೆ ಸುಂಯ್ ಎನ್ನುತ್ತದೆ, ನಿಮ್ಮ ಮಾವನಿಗೆ ಅದು ತಿಳಿಯುವುದಿಲ್ಲ ಎಂದರು. ಎರಡು ಕಿವಿಯ ಕೆಲಸ ಒಂದೇ ಮಾಡಬೇಕಾದರೆ ಅದರಲ್ಲಿ ಸುಂಯ್ ಯಾಕೆ ಸುರಿಯಲಿ. ಕಬ್ಬಿಣದ್ದೇ ಇರಲಿ ಎಂದೆ.

ದಾರಿಯಲ್ಲಿ ನಿಂತು ಯಜಮಾನರಿಗೆ ಫೋನು ಮಾಡಿದೆ. ಅವರು ಸಿಮೆಂಟ್ ಫ್ಯಾಕ್ಟರಿಯ ಪಾಳಿಯಲ್ಲಿದ್ದರು. ಹಿಂದೆ ಮಷೀನಿನ ಸದ್ದು, ಎರಡು ಸಲ ಹೇಳಬೇಕಾಯಿತು. ಅರ್ಧ ತಾಸಿನಲ್ಲಿ ಅವರೇ ತಿರುಗಿ ಮಾಡಿ, ಕಲಬುರಗಿಯಲ್ಲಿ ಕಿವಿಯ ಡಾಕ್ಟರು ಸೋಮವಾರ ನೋಡುತ್ತಾರೆ, ರಜೆ ಹಾಕಿದ್ದೇನೆ ಅಂದರು. ಇವತ್ತು ಗುರುವಾರ. ಈ ನಾಲ್ಕು ದಿನದಲ್ಲಿ ಅವಳೇ ಬಾಯಿಬಿಟ್ಟು ಹೇಳಲಿ ಎಂಬುದು ನನ್ನ ಆಸೆ. ಸುಳ್ಳು ಸಿಕ್ಕಿಬಿದ್ದ ಹುಡುಗಿಯಂತೆ ಅವಳು ಡಾಕ್ಟರ ಮುಂದೆ ಕೂಡಬಾರದು. ಕೈ ಹಿಡಿದುಕೊಂಡು ಹೋಗಬೇಕು.

ಮಾವನವರಿಗೆ ಹೇಳುವುದೇ ಕಷ್ಟವಾಯಿತು. ಅವರು ಅಂಗಳದಲ್ಲಿ ಶೇಂಗಾ ಸುಲಿಯುತ್ತಿದ್ದರು. ನಾನೂ ಕೂತು ಸುಲಿಯುತ್ತ, ರಂಜುವಿನ ಎಡಗಿವಿಯದನ್ನೂ ಕರೀಮ್ ಭಾಯಿ ತಿಳಿಸಿದ ಮೋನೋ ಗುಂಡಿಯದನ್ನೂ ಹೇಳಿದೆ. ಅವರ ಕೈ ನಿಂತಿತು. ಮನೆಯ ಕಿವಿ, ಮನೆಯ ಕಿವಿ ಎಂದು ನಾವೇ ಅವಳ ತಲೆಯ ಮೇಲೆ ಭಾರ ಹೊರಿಸಿದೆವು, ಅದಕ್ಕೇ ಕೂಸು ಹೇಳಲಿಲ್ಲ ಎಂದರು. ಸ್ವಲ್ಪ ಹೊತ್ತಿಗೆ, "ಗುಂಡಿ ತಿರುವಿದವ ನಾನೇ ಅಲ್ಲೇನು" ಅಂದು ಧೋತರದ ತುದಿಯಿಂದ ಕಣ್ಣೊರೆಸಿಕೊಂಡರು.

ಸಂಜೆ ಹೋಳಿಗೆ ಬೇಯುತ್ತಿದ್ದಾಗ ರಂಜು ಬಂದಳು. ಮಾವನವರು ಡಬ್ಬಿ ಜೋಡಿಸಿಟ್ಟಿದ್ದರು. ತಿರುವಿದ್ದ ಗುಂಡಿಯನ್ನು ನಡುವಿಗೆ ತಂದಿದ್ದರು. ನಾನು ಒಲೆ ಆರಿಸಿ ಬಂದು ಅವಳ ಬಲಕ್ಕೆ ಕೂತೆ. ಹಾಡು ಶುರುವಾಯಿತು. ಅವಳು ಎಂದಿನಂತೆ ಕಣ್ಣು ಮುಚ್ಚಿದಳು. ತಬಲಾ ಎಡಗಡೆಯಿಂದ ಬರುತ್ತಿತ್ತು. ಅವಳ ಹುಬ್ಬು ಗಂಟಾಯಿತು, ಮುಖ ಮೆಲ್ಲಗೆ ಎಡಕ್ಕೆ ತಿರುಗಿತು, ಬಲಗಿವಿಯನ್ನು ಆ ಕಡೆ ಒಯ್ಯಲು. ನಾವು ನೋಡುತ್ತಿದ್ದೇವೆಂದು ಗೊತ್ತಾಗಿ ತಟ್ಟನೆ ನೆಟ್ಟಗೆ ಕೂತಳು.

ಮಾವನವರು ಎದ್ದರು. ಇಷ್ಟು ವರ್ಷ ಯಾರಿಗೂ ಮುಟ್ಟಲು ಬಿಡದ ಆ ಮೋನೋ ಗುಂಡಿಯನ್ನು ಒತ್ತಿದರು. ತಬಲಾ ಬಲಕ್ಕೂ ಬಂತು. ಪೇಟಿ, ತಾಳ, ಹಾಡುವವರ ಉಸಿರು ಎಲ್ಲ ಒಟ್ಟಿಗೆ ಬಂತು. ರಂಜು ಬಾಯಿ ತೆರೆದು ಕೇಳಿದಳು. ಎಷ್ಟೋ ದಿನಗಳ ಮೇಲೆ ತೊಡೆಯ ಮೇಲೆ ಅವಳ ಬೆರಳು ತಾಳ ಹಾಕಿತು.

"ಇನ್ಮ್ಯಾಲ ಇದು ಹಿಂಗೇ ಇರ್ಲಿ, ತಾಯಿ" ಅಂದರು ಮಾವನವರು.

ಬೆರಳು ನಿಂತಿತು. ಅವಳು ಮುತ್ಯಾನ ಮುಖ ನೋಡಿದಳು, ನನ್ನ ಮುಖ ನೋಡಿದಳು. ನಮಗೆ ತಿಳಿದಿದೆ ಎಂದು ಅವಳಿಗೂ ತಿಳಿಯಿತು. ನಾನು ತುಪ್ಪ ಅಂಟಿದ ಕೈ ಚಾಚಿ ಅವಳ ಕೈ ಹಿಡಿದೆ. ಹಾಡು ಮುಗಿದು ಇನ್ನೊಂದು ಶುರುವಾಗುವ ನಡುವೆ ಸದ್ದೇ ಇರಲಿಲ್ಲ, ಸುಂಯ್ ಕೂಡ ಇಲ್ಲ. ಅವಳು ನನ್ನ ಹತ್ತಿರ ಸರಿದು, ಬಲಗಿವಿಯನ್ನು ನನ್ನ ಬಾಯಿಯ ಕಡೆ ಮಾಡಿ ಕೇಳಿದಳು.

"ಅವ್ವಾ, ನನ್ನ ಎಡಗಿವಿ ಮತ್ತ ಬರ್ತದೇನು?"