ಮೊದಲು ಉಣ್ಣು

ತಾಮ್ಹಿಣಿ ಘಾಟು ಇಳಿಯುವವರೆಗೂ ನಾನು ಮಗನ ಹೆಸರು ಎತ್ತಲಿಲ್ಲ. ಅದನ್ನು ಶಿವಪ್ರಕಾಶ ಗಮನಿಸಿದ್ದಾರೆ ಎಂದು ನನಗೆ ತಿಳಿದಿತ್ತು, ಏಕೆಂದರೆ ಅವರೂ ಎತ್ತಲಿಲ್ಲ. ಮದುವೆಯಾಗಿ ಒಂಬತ್ತು ವರ್ಷದ ಮೇಲೆ ಗಂಡ ಹೆಂಡತಿ ಯಾವ ಮಾತನ್ನು ಬಿಟ್ಟು ಮಾತಾಡುತ್ತಿದ್ದಾರೆ ಎನ್ನುವುದು ಇಬ್ಬರಿಗೂ ಗೊತ್ತಿರುತ್ತದೆ.

ಹಿಂದಿನ ಸೀಟಿನಲ್ಲಿ ನಮ್ಮ ಸ್ನೇಹಿತರಾದ ಅಪೂರ್ವ ಮತ್ತು ಅವಳ ಗಂಡ ಅಮೋಘ ಚಿಕ್ಕಿ ಮುರಿದು ಹಂಚಿಕೊಳ್ಳುತ್ತಿದ್ದರು. ಇಬ್ಬರೂ ಮೈಸೂರಿನವರು, ಯೆರವಡಾದ ಐಟಿ ಪಾರ್ಕಿನಲ್ಲಿ ಕೆಲಸ. ಅವರ ಮಗಳನ್ನು ನೋಡಿಕೊಳ್ಳಲು ಅಪೂರ್ವಳ ತಾಯಿ ದೇವೀರಮ್ಮ ಬಂದಿದ್ದರು. ನಮ್ಮ ಮಗ ಮಾಂತು ಸದಾಶಿವ ಪೇಠದ ಮನೆಯಲ್ಲಿ ಅಜ್ಜ ಅಜ್ಜಿಯ ಜೊತೆ ಉಳಿದಿದ್ದ. ಗಣರಾಜ್ಯೋತ್ಸವ ಸೋಮವಾರ ಬಂದದ್ದರಿಂದ ಮೂರು ದಿನದ ರಜೆ. ಕೊಂಕಣದ ಕಡಲಂಚಿನಲ್ಲಿ ಒಂದು ಗಾಲ್ಫ್ ರೆಸಾರ್ಟು, ಮಕ್ಕಳಿಲ್ಲದೆ. ಇದೆಲ್ಲ ಅಮೋಘನ ಯೋಜನೆ. ಆಫೀಸಿನ ದೊಡ್ಡವರ ಜೊತೆ ಎರಡು ಸಲ ಗಾಲ್ಫ್ ಆಡಿ ಬಂದಾಗಿನಿಂದ ಅವನು ಮನೆಯ ಪೊರಕೆಯನ್ನೂ ಅದೇ ಭಂಗಿಯಲ್ಲಿ ಹಿಡಿಯುತ್ತಾನೆಂದು ಅಪೂರ್ವ ದೂರುತ್ತಿದ್ದಳು.

ಅವಳು ಮಗಳಿಗೆ ಕೈ ಬೀಸಿ ಹೊರಟಳಂತೆ. ನಾನು ಮೆಟ್ಟಿಲಿಳಿದು, ಮತ್ತೆ ಹತ್ತಿ ಹೋಗಿ, ನಿದ್ದೆಯಲ್ಲಿದ್ದ ಮಾಂತೂನ ಬೆನ್ನಿಗೆ ಕಿವಿಯಿಟ್ಟು ಬಂದಿದ್ದೆ.

ಅವನಿಗೆ ಉಬ್ಬಸ. ಚಳಿಗಾಲದಲ್ಲಿ ಹೆಚ್ಚು. ಆರು ವರ್ಷದ ಹುಡುಗ. ಹುಟ್ಟಿದಾಗಿನಿಂದ ಒಂದು ರಾತ್ರಿಯೂ ಅವನನ್ನು ಬಿಟ್ಟು ಮಲಗಿದವಳಲ್ಲ ನಾನು. ನಿದ್ದೆಯಲ್ಲಿಯೂ ನನ್ನ ಒಂದು ಕಿವಿ ಅವನ ಉಸಿರಿನ ಮೇಲೆಯೇ ಇರುತ್ತದೆ. ಔಷಧಿಯನ್ನು ಆವಿ ಮಾಡಿ ಕೊಡುವ ಯಂತ್ರವೊಂದು ಮನೆಯಲ್ಲಿದೆ. ಮುಖಕ್ಕೆ ಹಾಕುವ ಮುಸುಕಿನಿಂದ ಸೊಂಡಿಲಿನಂತೆ ಉದ್ದನೆಯ ಕೊಳವೆ ಇಳಿಬಿದ್ದಿರುವುದರಿಂದ ಮಾಂತು ಅದನ್ನು ಆನಿ ಎನ್ನುತ್ತಾನೆ. ಅದನ್ನು ನಡೆಸುವುದನ್ನು ಮಾವ ಮುರುಗೆಪ್ಪನವರಿಗೆ ಕಲಿಸಿಕೊಟ್ಟಿದ್ದೆ. ಅತ್ತೆ ಕಾಶವ್ವ ಅದರ ಹತ್ತಿರ ಸುಳಿಯುತ್ತಿರಲಿಲ್ಲ. ಹೊಗೆ ಉಗುಳುವ ಡಬ್ಬಿಯ ಮೇಲೆ ಅವರಿಗೆ ವಿಶ್ವಾಸವಿರಲಿಲ್ಲ.

ಇಷ್ಟಿದ್ದೂ ಹೊರಟಿದ್ದೆ, ಏಕೆಂದರೆ ಇದು ನನ್ನ ಪಾಲಿಗೆ ಬರೀ ರಜೆಯಾಗಿರಲಿಲ್ಲ. ನಾನು ಒಂದು ಔಷಧ ಕಂಪನಿಯಲ್ಲಿದ್ದೇನೆ. ಮಾತ್ರೆಯ ಡಬ್ಬಿಯೊಳಗೆ ಮಡಚಿಟ್ಟ ಚೀಟಿ ಇರುತ್ತದಲ್ಲ, ಯಾರೂ ಓದದೆ ಎಸೆಯುವಂಥದ್ದು, ಅದರ ಮಾತುಗಳನ್ನು ತಿದ್ದುವುದು ನನ್ನ ಕೆಲಸ. ಅಪರೂಪಕ್ಕೆ ಎನ್ನುವುದಕ್ಕೂ ಅತಿ ಅಪರೂಪಕ್ಕೆ ಎನ್ನುವುದಕ್ಕೂ ಇರುವ ಅಂತರದಲ್ಲಿ ನನ್ನ ದಿನ ಕಳೆಯುತ್ತದೆ. ಈಗ ಆ ವಿಭಾಗವನ್ನೇ ನನಗೆ ವಹಿಸುವ ಮಾತು ಬಂದಿತ್ತು. ಅದಕ್ಕೆ ಮೊದಲು ನಾಲ್ಕು ತಿಂಗಳು ಹೈದರಾಬಾದಿನಲ್ಲಿದ್ದು ಕಲಿಯಬೇಕು. ಮಂಗಳವಾರ ಉತ್ತರ ಹೇಳಬೇಕಿತ್ತು. ಈ ಮೂರು ದಿನ ಮಾಂತು ನನ್ನನ್ನು ಬಿಟ್ಟು ಇದ್ದರೆ, ನಾನು ಅವನನ್ನು ಬಿಟ್ಟು ಇದ್ದರೆ, ಒಪ್ಪಿಕೊಳ್ಳುವುದು. ಇಲ್ಲದಿದ್ದರೆ ಬೇಡವೆನ್ನುವುದು. ಇದು ಶಿವಪ್ರಕಾಶರಿಗೂ ಗೊತ್ತಿತ್ತು. ದಿನಕ್ಕೆ ಒಂದೇ ಫೋನು, ಸಂಜೆ, ಎಂದು ಅವರೇ ಷರತ್ತು ಹಾಕಿದ್ದರು.

ರೆಸಾರ್ಟು ಚೆನ್ನಾಗಿಯೇ ಇತ್ತು. ಜಂಬಿಟ್ಟಿಗೆಯ ಸಣ್ಣ ಸಣ್ಣ ಮನೆಗಳು, ಅವುಗಳ ಮುಂದೆ ಕಣ್ಣಿಗೆ ನಂಬಿಕೆ ಬಾರದಷ್ಟು ಹಸಿರಾದ ಹುಲ್ಲು, ಹುಲ್ಲಿನಾಚೆ ಗಾಳಿಮರಗಳ ಸಾಲು, ಅದರಾಚೆ ಸಮುದ್ರ. ಅಪೂರ್ವ ಕೋಣೆಗೆ ಹೋಗುವ ಮೊದಲೇ ಚಪ್ಪಲಿ ಬಿಟ್ಟು ಹುಲ್ಲಿನ ಮೇಲೆ ಉರುಳಿಕೊಂಡಳು. ನಾನು ಹಾಸಿಗೆಯ ಹೊದಿಕೆಯನ್ನು ಮೂಸಿ ನೋಡಿದೆ. ದೂಳಿದ್ದರೆ ಮಾಂತೂಗೆ ಆಗುವುದಿಲ್ಲ. ಆಮೇಲೆ ಅವನು ಬಂದಿಲ್ಲವೆಂದು ನೆನಪಾಯಿತು.

ಆ ಸಂಜೆ ಫೋನು ಮಾಡಿದೆ. ಅತ್ತೆ ಎತ್ತಿದರು. ಮಾಂತು ಆರಾಮಾಗಿದ್ದಾನೆ, ಹಾಲು ಕುಡಿದ, ಈಗ ಮಾತಾಡುವುದಿಲ್ಲವಂತೆ ಎಂದರು. ಹಿಂದೆ ರಿಕ್ಷಾದ ಸದ್ದು ಕೇಳಿತು. ನಮ್ಮ ಮನೆ ಬೀದಿಗೇ ತಾಗಿದೆ, ಆ ಸದ್ದು ಯಾವಾಗಲೂ ಇರುವುದೇ. ಆದರೂ ಅತ್ತೆ ಎಂದಿಗಿಂತ ಬೇಗ ಫೋನು ಇಟ್ಟರೆಂದು ನನಗೆ ಅನ್ನಿಸಿತು. ಅದನ್ನು ಹೇಳಿದ್ದಕ್ಕೆ ಅಪೂರ್ವ ನಕ್ಕಳು.

"ಶೈಲಾ, ಜಾಸ್ತಿ ಮಾತಾಡಿದ್ರೂ ಟೆನ್ಷನ್, ಕಮ್ಮಿ ಮಾತಾಡಿದ್ರೂ ಟೆನ್ಷನ್. ನಿಮ್ಮತ್ತೆ ಕರೆಕ್ಟಾಗಿ ಎಷ್ಟು ಮಾತಾಡ್ಬೇಕು ಹೇಳು, ಬರೆದು ಕಳಿಸೋಣ."

ಮರುದಿನ ಬೆಳಿಗ್ಗೆ ಗಾಲ್ಫ್ ಕಲಿಯಲು ಹೋದೆವು. ಕಲಿಸುವವರು ದಾಪೋಲಿ ಕಡೆಯ ನಡುವಯಸ್ಸಿನ ಮನುಷ್ಯ. ಮರಾಠಿಯಲ್ಲಿ ಒಂದೇ ಮಾತನ್ನು ಸಾವಧಾನವಾಗಿ ಮತ್ತೆ ಮತ್ತೆ ಹೇಳುತ್ತಿದ್ದರು: ಚೆಂಡಿನ ಮೇಲೆ ಕಣ್ಣಿರಲಿ, ಹೊಡೆದ ಮೇಲೂ ತಲೆ ಎತ್ತಬೇಡಿ. ನನ್ನಿಂದ ಅದೊಂದೇ ಆಗುತ್ತಿರಲಿಲ್ಲ. ಕೋಲು ಎತ್ತುತ್ತಿದ್ದ ಹಾಗೇ ಕಣ್ಣು ಶಿವಪ್ರಕಾಶರ ಕಡೆಗೆ, ಅವರ ಜೇಬಿನಲ್ಲಿದ್ದ ಫೋನಿನ ಕಡೆಗೆ ಹೋಗುತ್ತಿತ್ತು. ಚೆಂಡು ಇದ್ದಲ್ಲಿಯೇ ಇರುತ್ತಿತ್ತು, ಹುಲ್ಲು ಮಾತ್ರ ಹಾರುತ್ತಿತ್ತು.

ಹಾಗೆ ನೋಡುತ್ತಿದ್ದಾಗಲೇ ಆ ಫೋನು ಬಂತು. ಅವರು ಫೋನಿನ ಪರದೆ ನೋಡಿದರು, ನನ್ನನ್ನು ನೋಡಿದರು, ಬೆನ್ನು ತಿರುಗಿಸಿ ಗಾಳಿಮರದ ತನಕ ನಡೆದುಹೋದರು. ಆಫೀಸಿನ ಫೋನಾದರೆ ಅವರು ನಡೆಯುತ್ತ ಮಾತಾಡುತ್ತಾರೆ. ಇದನ್ನು ನಿಂತು ಕೇಳಿದರು. ತಿರುಗಿ ಬಂದಾಗ ಮುಖದಲ್ಲಿ ನಗು ಇತ್ತು, ಕಲಿಸಿ ಕಳಿಸಿದಂಥ ನಗು.

"ಬಾ," ಎಂದರು. "ಮೊದಲು ಉಂಡು ಬಿಡೂಣು."

ಊಟದ ಹೊತ್ತು ಇನ್ನೂ ಆಗಿರಲಿಲ್ಲ. ನಾನು ಕೋಲು ಕೆಳಗಿಟ್ಟೆ.

ಈ ಮಾತಿನ ಅರ್ಥ ನಮ್ಮ ಮನೆಯವರಲ್ಲದ ಯಾರಿಗೂ ತಿಳಿಯುವಂತಿಲ್ಲ. ಕಾಶವ್ವನ ಮನೆಯಲ್ಲಿ ಕೆಟ್ಟ ಸುದ್ದಿಯನ್ನು ಹಸಿದವರಿಗೆ ಹೇಳುವುದಿಲ್ಲ. ಸುದ್ದಿ ಕೇಳಿದ ಮೇಲೆ ಗಂಟಲಲ್ಲಿ ತುತ್ತು ಇಳಿಯುವುದಿಲ್ಲ, ಮುಂದೆ ಎಷ್ಟು ಹೊತ್ತು ಓಡಾಡಬೇಕೋ ಏನೋ, ಹೊಟ್ಟೆ ಗಟ್ಟಿ ಇರಲಿ ಎಂಬುದು ಅವರ ಲೆಕ್ಕ. ಅವರ ಅತ್ತೆ ಅವರಿಗೆ ಹಾಗೆ ಮಾಡಿದ್ದರಂತೆ, ಅದಕ್ಕೂ ಮೊದಲು ಅವರ ಅತ್ತೆ. ನನ್ನ ತಾಯಿ ತೀರಿಕೊಂಡ ದಿನ ಆಫೀಸಿನಿಂದ ಬಂದವಳನ್ನು ಕಾಶವ್ವ ಕೂರಿಸಿ, ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ ಬಡಿಸಿದರು. ಇನ್ನೊಂದು ಹಾಕಿಕೋ, ಮೊಸರು ಹಾಕಿಕೋ ಎಂದರು. ಇವತ್ತೇನು ಇಷ್ಟು ಉಪಚಾರ ಎಂದು ನಾನು ನಗಾಡುತ್ತ ಉಂಡಿದ್ದೆ. ಕೈ ತೊಳೆದ ಮೇಲೆ ಹೇಳಿದರು. ಆಮೇಲೆ ಬಹಳ ದಿನ ನನಗೆ ಬದನೆಕಾಯಿ ನೋಡಲಾಗಲಿಲ್ಲ.

"ಏನಾಗೇದ, ಹೇಳ್ರಿ," ಎಂದೆ.

"ಏನಿಲ್ಲ. ಹಸಿವ್ಯಾಗೇದ."

"ಮಾಂತೂಗ ಏನಾಗೇದ?"

"ಉಣ್ಣು, ಶೈಲಾ."

ಅವರು ಕ್ರೂರಿಯಲ್ಲ. ನನಗಿಂತ ಹೆಚ್ಚು ಅವರೇ ಹೆದರಿದ್ದರೆಂದು ಕಾಣುತ್ತಿತ್ತು. ಹೆದರಿದಾಗ ಮನುಷ್ಯ ತಾಯಿ ಕಲಿಸಿದ್ದನ್ನು ಮಾಡುತ್ತಾನೆ. ಮನೆಗೆ ನಾನೇ ಫೋನು ಹಚ್ಚಿದೆ. ಅತ್ತೆ ಎತ್ತಲಿಲ್ಲ, ಮಾವನೂ ಎತ್ತಲಿಲ್ಲ. ಅಮೋಘ ಕೋಲು ಹಿಡಿದು ನಮ್ಮಿಬ್ಬರನ್ನೂ ನೋಡುತ್ತ ನಿಂತಿದ್ದ. ಏನೂ ತಿಳಿಯದ ಅಪೂರ್ವ, ಊಟ ಶುರುವಾಗಿದೆಯಂತೆ, ಕುಡಿಯಲು ಸೋಲಕಢಿ ಇದೆಯಂತೆ ಎಂದು ಕರೆದಳು.

ಆಗ ನನಗೆ ಹೊಳೆದ ದಾರಿ ಒಂದೇ. ಊಟದ ಮನೆಗೆ ಹೋಗಿ, ತಟ್ಟೆಗೆ ಕೈಗೆ ಸಿಕ್ಕದ್ದನ್ನು ಹಾಕಿಕೊಂಡು ಕೂತು ಉಂಡೆ. ಅನ್ನ, ಬೇಳೆ, ಯಾವುದೋ ಪಲ್ಯ. ಅಗಿಯದೆ ನುಂಗಿದೆ, ನೀರು ಕುಡಿದು ಇಳಿಸಿದೆ. ಎದುರಿಗೆ ಕೂತ ಶಿವಪ್ರಕಾಶರ ಮುಖದಿಂದ ಕಣ್ಣು ತೆಗೆಯಲಿಲ್ಲ. ಅವರು ಒಂದು ತುತ್ತನ್ನೂ ಮುಟ್ಟಿರಲಿಲ್ಲ. ತಟ್ಟೆ ಬರಿದಾಯಿತು. ಅದನ್ನು ಅವರ ಕಡೆ ಸರಿಸಿದೆ.

"ಉಂಡೆ. ಇನ್ನ ಹೇಳ್ರಿ."

ಅವರು ತಟ್ಟೆಯನ್ನೇ ನೋಡುತ್ತ ಹೇಳಿದರು. "ನಿನ್ನೆ ಸಂಜಿ ಉಬ್ಬಸ ಬಂದಿತ್ತು. ಈಗ ಆರಾಮ ಅದಾನ. ಮೊದಲ ಇದನ್ನ ಕೇಳ್ಕೋ. ಈಗ ಆರಾಮ ಅದಾನ, ಕೂತು ಆಡಾಕತ್ತಾನ."

ನಿನ್ನೆ ಸಂಜೆ ಮಾವ ಖಡಕಿಗೆ ಹೋಗಿದ್ದರಂತೆ, ಫ್ಯಾಕ್ಟರಿಯಲ್ಲಿ ಜೊತೆಗಿದ್ದವರೊಬ್ಬರ ಮನೆಗೆ. ಅತ್ತೆ ಒಬ್ಬರೇ ಇದ್ದಾಗ ಮಾಂತೂನ ಎದೆ ಕಟ್ಟಿತು. ಕಾಶವ್ವ ಆ ಯಂತ್ರವನ್ನು ಹಚ್ಚಿದರು. ಹೇಗೆ ಹಚ್ಚಬೇಕೆಂದು ಮಾಂತುವೇ ತೋರಿಸಿಕೊಟ್ಟನಂತೆ. ಅದರಿಂದ ಸಾಲದಾದಾಗ ರಿಕ್ಷಾ ಹಿಡಿದು ನಮ್ಮ ಡಾಕ್ಟರ ಹತ್ತಿರ ಕರೆದೊಯ್ದರು. ಅಲ್ಲಿ ಒಂದಿಷ್ಟು ಹೊತ್ತು ಇಟ್ಟುಕೊಂಡು, ಔಷಧಿ ಬದಲಿಸಿ ಮನೆಗೆ ಕಳಿಸಿದರು. ಯಾರಿಗೂ ಹೇಳಬಾರದೆಂದು ಅತ್ತೆಯ ಆಜ್ಞೆ. ಮಾವನಿಗೆ ತಡೆದುಕೊಳ್ಳಲಾಗದೆ, ಹೂವು ತರುವ ನೆಪದಲ್ಲಿ ಹೊರಗೆ ಬಂದು ಮಗನಿಗೆ ಫೋನು ಮಾಡಿದ್ದರು.

ಅಪೂರ್ವ ನನ್ನ ಹೆಗಲ ಮೇಲೆ ಕೈಯಿಟ್ಟಳು. "ನಮ್ಮ ಕಡೆ ಉಲ್ಟಾ. ನಮ್ಮಮ್ಮ ಫಸ್ಟು ಅಳ್ತಾರೆ, ವಿಷಯ ಆಮೇಲೆ," ಎಂದಳು. ಸ್ವಲ್ಪ ಹೊತ್ತಿಗೆ ಅವಳು ಕಾಣಲಿಲ್ಲ. ಕಂಬದ ಮರೆಯಲ್ಲಿ ನಿಂತು ಮಗಳ ಹತ್ತಿರ ಮಾತಾಡುತ್ತಿದ್ದಳು.

ಅಂಗಳಕ್ಕೆ ಬಂದು ಮತ್ತೆ ಫೋನು ಮಾಡಿದೆ. ಈ ಸಲ ಅತ್ತೆ ಎತ್ತಿದರು.

"ಅತ್ತೀ, ನಿನ್ನೆ ನಾ ಫೋನ್ ಮಾಡಿದಾಗ ನೀವು ಎಲ್ಲಿದ್ರಿ?"

"ರಿಕ್ಷಾದಾಗ ಇದ್ದೆ. ಅವ ತೊಡಿ ಮ್ಯಾಲೆ ಇದ್ದ."

"ಆರಾಮ ಅದಾನ ಅಂದ್ರಿ."

"ಅಂದೆ. ನೀ ಅಲ್ಲಿಂದ ಏನ ಮಾಡಾಕಿ ಇದ್ದಿ? ಕತ್ತಲದಾಗ ಘಾಟ ಹತ್ತಿ ಗಾಡಿ ಓಡಿಸ್ಕೊಂಡ ಬರ್ತಿದ್ರಿ. ನನಗ ಒಂದ ಕೂಸಿನ ಕಾಳಜಿ ಸಾಕಾಗಿತ್ತು."

ನನಗೆ ಸಿಟ್ಟು ಬಂದಿತ್ತು. ನಾನು ಅಲ್ಲಿದ್ದಿದ್ದರೆ ಮಾಡುತ್ತಿದ್ದುದನ್ನೇ ಅವರು ಮಾಡಿದ್ದರು. ಅದೇ ನನ್ನನ್ನು ಇನ್ನಷ್ಟು ಕುಟುಕಿತು.

"ನೋಡು ಶೈಲಾ," ಎಂದರು ಅತ್ತೆ. "ನೀ ಹೈದರಾಬಾದಿಗೆ ಹೊಂಟಿ ಅಂತ ಶಿವೂ ಹೇಳ್ಯಾನ. ಹೋಗು, ನಾ ಬ್ಯಾಡ ಅನ್ನಾಕಿ ಅಲ್ಲ. ಆದ್ರ ಒಂದ ಮಾತ ಈಗಲೇ ಹೇಳಿ ಬಿಡು. ಉಬ್ಬಸ ಬರೂದ ಬರ್ತದ. ಬಂದಾಗೊಮ್ಮೆ ಹೇಳಿದ್ರ ನೀ ರೈಲ ಹತ್ತಿ ಓಡಿ ಬರ್ತಿ. ಹೇಳಲಿಲ್ಲಂದ್ರ ನನ್ನ ಯಾವ ಮಾತೂ ನಂಬೂದಿಲ್ಲ. ಎರಡರಾಗ ಯಾವುದು ಬೇಕು ನಿನಗ?"

ನನ್ನ ಕೆಲಸದಲ್ಲಿ ಇಂಥ ಪ್ರಶ್ನೆ ಬಂದರೆ ಒಂದು ದಿನ ಸಮಯ ಕೇಳುತ್ತೇನೆ. ಇಲ್ಲಿ ಅವರು ಫೋನು ಹಿಡಿದು ಕಾಯುತ್ತಿದ್ದರು.

"ಹೇಳ್ರಿ," ಎಂದೆ. "ಬಂದ ಕೂಡಲೇ ಹೇಳ್ರಿ. ನಾ ಉಂಡಿರಲಿ, ಬಿಡಲಿ."

"ಮತ್ತ ನೀ?"

ಓಡಿ ಬರುವುದಿಲ್ಲ ಎನ್ನಲು ಬಾಯಿ ತೆರೆದೆ. ಅದು ನಿಜವಾಗುತ್ತಿರಲಿಲ್ಲ. "ನೀವು ಬಾ ಅಂದ್ರ ಬರ್ತೇನಿ. ಅನ್ನಲಿಲ್ಲಂದ್ರ ಬರೂದಿಲ್ಲ."

"ಹಂಗಾದ್ರ ಇವತ್ತ ಬಾ ಅನ್ನೂದಿಲ್ಲ," ಎಂದು ಅತ್ತೆ ಫೋನು ಇಟ್ಟರು.

ಅಷ್ಟರಲ್ಲಿ ಶಿವಪ್ರಕಾಶ ಚೀಲ ತುಂಬಿ ಕಾರಿನ ಹತ್ತಿರ ತಂದಿದ್ದರು. ಬೇಡ, ನಾಳೆ ಎಲ್ಲರ ಜೊತೆಯೇ ಹೋಗೋಣ ಎಂದೆ. ಅವರು ನಂಬಲಿಲ್ಲ, ಚೀಲವನ್ನು ಕೂಡಲೇ ಒಳಗೆ ಒಯ್ಯಲಿಲ್ಲ. ಅದು ಸಂಜೆಯವರೆಗೆ ಕಾರಿನ ಪಕ್ಕದಲ್ಲಿಯೇ ಇತ್ತು. ಹಾಗೆ ಬಿಟ್ಟದ್ದು ಒಳ್ಳೆಯದೇ ಆಯಿತು, ಏಕೆಂದರೆ ಮಧ್ಯಾಹ್ನವಿಡೀ ನಾನು ಮೂರ್ನಾಲ್ಕು ಸಲವಾದರೂ ಅದರ ತನಕ ಹೋಗಿ ಬಂದೆ. ಟವೆಲು ತೆಗೆಯಲು ಒಮ್ಮೆ, ತೆಗೆದದ್ದನ್ನು ಇಡಲು ಇನ್ನೊಮ್ಮೆ. ಅಮೋಘ ಮುಖ ಗಂಭೀರ ಮಾಡಿಕೊಂಡು, ಸುಮ್ಮನೆ ನಡೆಯುವ ಬದಲು ಒಂದು ಕೋಲು ಹಿಡಿದು ನಡೆದರೆ ಗಾಲ್ಫೇ ಆಗುತ್ತದೆ ಎಂದ. ನಗು ಬಂತು. ಆದರೂ ಕಾಲು ನಿಲ್ಲಲಿಲ್ಲ.

ಸಂಜೆ ನಾನು ಫೋನು ಮಾಡುವ ಮೊದಲೇ ಅತ್ತೆಯ ಫೋನು ಬಂತು.

"ಎದಿಯಾಗ ಮತ್ತ ಸ್ವಲ್ಪ ಗೊರಗೊರ ಅನ್ನಾಕತ್ತೇತಿ," ಎಂದರು, ಪೀಠಿಕೆಯಿಲ್ಲದೆ. "ಡಾಕ್ಟರ್ ಹೇಳಿದಂಗ ಆನಿ ಹಚ್ಚೇನಿ. ನಾ ಬಾ ಅನ್ನಾಕತ್ತಿಲ್ಲ. ಹೇಳಾಕತ್ತೇನಿ."

ಯಂತ್ರದ ಗುಂಯ್‌ಗುಡುವ ಸದ್ದು ಕೇಳುತ್ತಿತ್ತು. ಅದರೊಳಗಿನಿಂದ ಮಾಂತು ಏನೋ ಒಂದು ಮಾತು ಹೇಳಿದ, ಮುಸುಕಿನಿಂದಾಗಿ ತಿಳಿಯಲಿಲ್ಲ. ಉಗುರಿನ ಬಣ್ಣ ಹೇಗಿದೆ, ಮಾತಾಡುವಾಗ ಉಸಿರು ಕಟ್ಟುತ್ತದೆಯೇ ಎಂದು ಕೇಳಿದೆ. ಅತ್ತೆ ನೋಡಿ, ನಿಧಾನವಾಗಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ನಾನು ಇನ್ನೂ ಏನೋ ಕೇಳುವವಳಿದ್ದೆ.

"ಇಡ್ತೇನಿ," ಎಂದರು. "ನನಗ ಎರಡೂ ಕೈ ಬೇಕಾಗ್ಯಾವ."

ಶಿವಪ್ರಕಾಶ ಜಗುಲಿಯಿಂದ ಎದ್ದು ಬಂದಿದ್ದರು. ಅತ್ತೆ ಹೇಳಿದ್ದನ್ನೆಲ್ಲ ಅವರಿಗೆ ಹೇಳಿದೆ, ಒಂದು ಮಾತನ್ನೂ ಬಿಡದೆ. ಹೊರಡೋಣವೇ ಎಂದು ಕೇಳಿದರು. ಬಾ ಅನ್ನಲಿಲ್ಲ ಎಂದೆ. ಕುಳಿತಿರಲು ಆಗುತ್ತಿರಲಿಲ್ಲ, ಹುಲ್ಲಿನ ಅಂಚು ಹಿಡಿದು ಸಮುದ್ರದ ಕಡೆ ನಡೆಯತೊಡಗಿದೆ. ಅವರೂ ಜೊತೆಗೆ ಬಂದರು.

"ಮಂಗಳವಾರ ಏನ ಹೇಳ್ತಿ?" ಎಂದು ಸ್ವಲ್ಪ ದೂರ ಹೋದ ಮೇಲೆ ಕೇಳಿದರು.

"ಹ್ಞೂಂ ಅಂತೇನಿ."

ಅವರು ನನ್ನ ಮುಖ ನೋಡಿದರು. ಅಲ್ಲಿ ಸಂತೋಷ ಹುಡುಕಿದ್ದರೆ ಅವರಿಗೆ ಸಿಕ್ಕಿರಲಾರದು. ಫೋನು ನನ್ನ ಮುಷ್ಟಿಯಲ್ಲಿಯೇ ಇತ್ತು. ಗಾಳಿಮರಗಳ ಹತ್ತಿರ ಸಿಗ್ನಲ್ಲಿನ ಒಂದು ಗೆರೆ ಹೋಯಿತು, ಮರಳು ಶುರುವಾಗುವಲ್ಲಿ ಇನ್ನೊಂದು. ನಾನು ನಿಂತೆ. ಉಳಿದ ಗೆರೆಗಳನ್ನು ನೋಡಿದೆ. ಆಮೇಲೆ ಇನ್ನೊಂದಿಷ್ಟು ದೂರ ನಡೆದೆ.