ನೆಂಟರ ಹಾಗೆ ಬರೆದ ಕರಪತ್ರ

ನೀರು ಸರಬರಾಜು ಕಚೇರಿಯಲ್ಲಿ ಕರಪತ್ರ ಬರೆಯುವುದು ನನ್ನ ಕೆಲಸ. ಬರೆದದ್ದನ್ನು ಮೊದಲು ಕಸ ಗುಡಿಸುವ ದೊಡ್ಡಮ್ಮನಿಗೆ ಓದಿ ಹೇಳುತ್ತೇನೆ. ಒಮ್ಮೆ ಕೇಳಿ ಅವಳು ತಿರುಗಿ ಒಪ್ಪಿಸಿದರೆ ಅಚ್ಚಿಗೆ. ತಡವರಿಸಿದರೆ ಮತ್ತೆ ಬರೆಯಬೇಕು. ಹನ್ನೊಂದು ವರ್ಷದಿಂದ ಇದೇ ಪದ್ಧತಿ.

ಆ ದಿನ ಸಾಹೇಬರು ಪ್ರಯೋಗಾಲಯದ ವರದಿಯನ್ನು ಮಗುಚಿಟ್ಟು, "ಕೆಳಗಿನ ಬೀದಿಯವರದ್ದು ನೀರಿನ ಗಲಾಟೆ ಶುರುವಾಗಿದೆ. ನೆಂಟರು ಬಂದು ಮಾತಾಡಿದ ಹಾಗೆ ಬರೀರಿ. ಮೂರು ಗಂಟೆಗೆ ಅಚ್ಚಿಗೆ ಹೋಗ್ಬೇಕು" ಎಂದರು.

ವರದಿಯನ್ನು ಬೆಳಿಗ್ಗೆ ಕಡತಕ್ಕೆ ಸೇರಿಸುವಾಗಲೇ ಓದಿದ್ದೆ. ನೀರಿನಲ್ಲಿ ಸೀಸ. ಎಷ್ಟು ಕುದಿಸಿದರೂ ಹೋಗದ ಸೀಸ. ಓದಿಯೂ ಬರೆದೆ. ಕೈ ಅಷ್ಟು ಪಳಗಿತ್ತು.

"ಅಕ್ಕ, ನಲ್ಲಿ ನೀರು ಸ್ವಲ್ಪ ಕಂದು ಬಂತಾ? ಪೈಪಿಗೂ ವಯಸ್ಸಾಯ್ತಲ್ಲ, ಕೆಮ್ಮುತ್ತೆ. ಕುದಿಸಿ ಕುಡೀರಿ, ನೆಮ್ಮದಿಯಾಗಿರಿ."

"ಪೈಪು ಕೆಮ್ಮುತ್ತಂತೆ! ನಮ್ಮ ಯಜಮಾನನ ಹಾಗೇ ಅನ್ನು!" ದೊಡ್ಡಮ್ಮ ನಕ್ಕು, ಒಂದಕ್ಷರ ಬಿಡದೆ ಒಪ್ಪಿಸಿದಳು. ಪೊರಕೆಯನ್ನು ಗೋಡೆಗೆ ಒರಗಿಸಿದಳು. "ಬದುಕಿದೆ ತಾಯಿ. ವಾರದಿಂದ ಮೇಲಿನ ಬೀದಿಯಿಂದ ಕೊಡ ಹೊತ್ತು ಸೊಂಟ ಬಿದ್ದುಹೋಗಿತ್ತು. ಕೂಸಿನ ಹಾಲಿನ ಪುಡಿಗೂ ಇವತ್ತಿಂದ ನಲ್ಲಿ ನೀರೇ. ತಾಳು, ಸೊಸೆಗೆ ಫೋನ್ ಮಾಡ್ತೀನಿ."

"ಮಾಡ್ಬೇಡ!"

ನನ್ನ ಕೂಗಿಗೆ ನಾನೇ ಬೆಚ್ಚಿದೆ.

"ಯಾಕೆ? ನೀನೇ ಬರ್ದಿದ್ದಲ್ವಾ?"

ಗಡಿಯಾರದಲ್ಲಿ ಎರಡೂಮುಕ್ಕಾಲು. ಹನ್ನೊಂದು ವರ್ಷ ಅಕ್ಕ, ತಂಗಿ ಎಂದು ಕರೆದು ಗಳಿಸಿದ ನಂಬಿಕೆಯನ್ನು ಈ ಕಚೇರಿಯವರು ಬಡವರ ಕೊಡಕ್ಕೆ ವಿಷ ಸುರಿಯುವ ಆಲಿಕೆ ಮಾಡಿಕೊಂಡಿದ್ದರು. ಆಲಿಕೆ ಹಿಡಿದು ನಿಂತವಳು ನಾನು.

ಹಾಳೆ ಮಗುಚಿ, ನಿಂತಲ್ಲೇ ಬರೆದು, ಗಟ್ಟಿಯಾಗಿ ಓದಿದೆ: "ಅಕ್ಕ, ನಲ್ಲಿ ನೀರಲ್ಲಿ ಸೀಸ ಇದೆ. ಕುದಿಸಿದ್ರೂ ಹೋಗಲ್ಲ. ಕೂಸಿಗೆ ಹನಿಯೂ ಬೇಡ. ನಮ್ಮ ಕಚೇರಿಗೆ ಗೊತ್ತಿದೆ, ಹೇಳ್ತಿಲ್ಲ. ಖಾಲಿ ಕೊಡ ತಗೊಂಡು ಎಲ್ಲರೂ ಇಲ್ಲಿಗೇ ಬನ್ನಿ."

ದೊಡ್ಡಮ್ಮ ನಗಲಿಲ್ಲ. ಬಾಗಿಲಲ್ಲಿ ಸಾಹೇಬರು ನಿಂತಿದ್ದರು.

"ತಲೆ ಕೆಟ್ಟಿದ್ಯೇನ್ರೀ?"

"ನೆಂಟರ ಹಾಗೆ ಅಂದ್ರಲ್ಲ ಸಾರ್. ಕೂಸು ಏನು ಕುಡೀತಿದೆ ಅಂತ ನೆಂಟರು ನೋಡಲ್ವಾ?"

ಹಾಳೆ ಕಿತ್ತುಕೊಂಡು ನಾಲ್ಕು ತುಂಡು ಮಾಡಿದರು. "ಇದು ಅಚ್ಚಾಗಲ್ಲ. ನಾಳೆಯಿಂದ ನೀವೂ ಬರ್ಬೇಡಿ."

ದೊಡ್ಡಮ್ಮ ಬಗ್ಗಿ ತುಂಡುಗಳನ್ನು ಆಯ್ದು ಬುಟ್ಟಿಗೆ ಹಾಕಿದಳು. "ಅಚ್ಚು ಯಾಕೆ ಸಾಹೇಬ್ರೇ?" ಎನ್ನುತ್ತ ಫೋನನ್ನು ಕಿವಿಗಿಟ್ಟಳು. "ಲೇ ಸೊಸೆ, ಪಕ್ಕದ್ಮನೆಯವರನ್ನೂ ಕರಿ, ಎಲ್ಲ ಕೇಳಿಸ್ಕೊಳ್ಳಿ. ಅಕ್ಕ, ನಲ್ಲಿ ನೀರಲ್ಲಿ ಸೀಸ ಇದೆ. ಕುದಿಸಿದ್ರೂ ಹೋಗಲ್ಲ..."

ಒಂದಕ್ಷರ ಬಿಡಲಿಲ್ಲ.

ನಾಲ್ಕಕ್ಕೆ ಸರಿಯಾಗಿ ಗೇಟಿನ ಕಂಬಿಗೆ ಮೊದಲ ಕೊಡ ಬಡಿಯಿತು.